ಕಂಡಕ್ಟರ್ ನೇತ್ರಾವತಿಯ ಸಂಶಯದ ದಿನಗಳು

ಆ ಸೋಮವಾರ ನೇತ್ರಾವತಿಗೆ ಗಂಡನ ಮೇಲೆ ಸಂಶಯ ಬಂತು. ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಮನೆಗೆ ಬಂದ ಮಲ್ಲೇಶ ಅಂಗಳದಲ್ಲೇ ನಿಂತು ಫೋನಿನಲ್ಲಿ ಮೆಲ್ಲಗೆ ನಕ್ಕಿದ್ದ. ಅಷ್ಟೇ ಕಾರಣ. ಮಂಗಳವಾರ ಸಂಶಯ ಡ್ರೈವರ್ ನೂರಸಾಬನ ಕಡೆ ಹೊರಳಿತು. ತಾನು ಟಿಕೆಟ್ ಕೊಡಲು ಎದ್ದು ನಿಂತಾಗಲೇ ಈತ ಬೇಕಂತಲೇ ಬ್ರೇಕ್ ತುಳಿಯುತ್ತಾನೆ ಅನ್ನಿಸಿತು. ಬುಧವಾರ ಪಕ್ಕದ ಮನೆಯ ಅಮರಮ್ಮ ತನ್ನ ಮುಖ ನೋಡಿಯೇ ಕದ ಹಾಕಿಕೊಂಡಳೆಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದಳು. ಶನಿವಾರ ಮುಟ್ಟಾಯಿತು. ಮುಂದಿನ ಸೋಮವಾರದ ಹೊತ್ತಿಗೆ ಮೂವರೂ ಮೊದಲಿನಂತೆ ಒಳ್ಳೆಯವರಾಗಿದ್ದರು. ಬೈಸಿಕೊಂಡ ಮಲ್ಲೇಶ ಮಾತ್ರ ಇನ್ನೂ ಮುಖ ಊದಿಸಿಕೊಂಡಿದ್ದ.

ಸಂಶಯಪಡುವುದು ಆಕೆಗೆ ಉದ್ಯೋಗದ ಭಾಗವೂ ಹೌದು. ಕುಷ್ಟಗಿಯಿಂದ ತಾವರಗೇರಾ ಮೇಲೆ ಹಾಯ್ದು ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಹನ್ನೆರಡು ವರ್ಷದಿಂದ ಕಂಡಕ್ಟರ್. ಆಧಾರ್ ಕಾರ್ಡಿನ ಫೋಟೋ ನೋಡಿ ಎದುರಿನ ಮುಖ ನೋಡಬೇಕು. ಟಿಕೆಟ್ ಕೇಳುವ ಹೊತ್ತಿಗೆ ನಿದ್ದೆ ಹೋದ ಗಂಡಸರನ್ನು ಎಬ್ಬಿಸಬೇಕು. ಮೀಸೆ ಚಿಗುರುತ್ತಿರುವ ಹುಡುಗನಿಗೆ ಇನ್ನೂ ಆರು ತುಂಬಿಲ್ಲ ಎನ್ನುವ ತಾಯಂದಿರ ಮಾತು ಕೇಳಿ ನಗಬೇಕು. ಈ ಸಂಶಯ ಬಸ್ಸಿನಿಂದ ಇಳಿದೊಡನೆ ಇಳಿದುಹೋಗುತ್ತಿತ್ತು. ತಿಂಗಳಿಗೊಮ್ಮೆ ಬರುವುದೇ ಬೇರೆ. ಅದು ಮನೆಗೂ ಬರುತ್ತಿತ್ತು, ತಾಟಿನ ಮುಂದೆಯೂ ಕೂರುತ್ತಿತ್ತು.

ನೇತ್ರಾವತಿ ತಾವರಗೇರಾ ಹತ್ತಿರದ ಒಂದು ಹಳ್ಳಿಯವಳು. ತಂದೆ ಹುಲಿಗೆಪ್ಪ ಕುರಿ ಕಾಯುತ್ತಿದ್ದ. ಮೊದಲ ಸಲ ಮುಟ್ಟಾದಾಗ ತಾಯಿ ಸಣ್ಣವ್ವ ಆಕೆಯನ್ನು ಕುರಿಹಟ್ಟಿಯ ಪಕ್ಕದ ಕೋಣೆಯಲ್ಲಿ ಕೂರಿಸಿ ಒಂದು ಮಾತು ಹೇಳಿದ್ದಳು: "ಈ ದಿನದಾಗ ಯಾರ ಜೋಡಿನೂ ಜಗಳಾಡಬ್ಯಾಡ. ಇವತ್ತು ಅಂದದ್ದಕ್ಕ ನಾಕ ದಿನ ಬಿಟ್ಟು ನೀನ ಅಳತಿ." ಓದು ಬರಹ ಇಲ್ಲದ ಸಣ್ಣವ್ವನಿಗೆ ಅದು ಹೇಗೆ ಗೊತ್ತಿತ್ತೋ. ನೇತ್ರಾವತಿ ಆ ಮಾತನ್ನು ಮಡಿ ಮೈಲಿಗೆಯ ಮಾತುಗಳ ಜೊತೆ ಸೇರಿಸಿ ಎಂದೋ ಆಚೆ ಒಗೆದಿದ್ದಳು.

ಮೂವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ, ತಾವರಗೇರಾದಲ್ಲಿ ಬಸ್ ನಿಂತಾಗ ಆಕೆ ಮೆಟ್ಟಿಲ ಮೇಲೇ ಕುಸಿದು ಬಿದ್ದಳು. ಮುಟ್ಟಿನ ಎರಡನೆಯ ದಿನ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ನಾಲ್ಕು ಚಹಾ ಮತ್ತು ಒಂದು ತಟ್ಟೆ ಮಿರ್ಚಿ ಭಜಿ. ದಾರಿಯಲ್ಲಿ ಮೂತ್ರಕ್ಕೆ ಹೋಗುವುದು ಕಷ್ಟವೆಂದು ನೀರನ್ನಂತೂ ಆಕೆ ವರ್ಷಗಳಿಂದ ಔಷಧದ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ನೂರಸಾಬ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಹೆಚ್ಚು ಮಾತಿಲ್ಲದ ಮನುಷ್ಯ.

"ನೇತ್ರಮ್ಮಾ, ನಾಳೆ ದವಾಖಾನಿಗೆ ಹೋಗಲಿಲ್ಲಂದ್ರ ನಾ ಬಸ್ಸ ತಗಿಯಂಗಿಲ್ಲ ನೋಡು," ಎಂದ.

ಕುಷ್ಟಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ನರ್ಸ್ ಜಾಸ್ಮೀನ ಹುಬ್ಬೇರಿಸಿದಳು. "ರಕ್ತ ಎಂಟೈತ್ರಿ ಅಕ್ಕಾರ. ಹನ್ನೆರಡರ ಮ್ಯಾಲ ಇರಬೇಕು. ಎಂಟರಾಗ ಬಸ್ಸಿನ್ಯಾಗ ನಿಂತೀರಿ ಅಂದ್ರ ನೀವು ಗಟ್ಟಿ ಬಿಡ್ರಿ." ಕಬ್ಬಿಣದ ಗುಳಿಗೆ ಕೊಟ್ಟು ಬೆರಳು ಮಡಚುತ್ತ ಹೇಳಿದಳು. ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು, ಲಿಂಬೆಹಣ್ಣಿನ ನೀರಿನಲ್ಲಿ ತೆಗೆದುಕೊಳ್ಳಬೇಕು. ಮಲ ಕಪ್ಪಗೆ ಹೋದರೆ ಹೆದರಬಾರದು, ಅದು ಕಬ್ಬಿಣದ ಗುಣ. ಸೊಪ್ಪು, ಕಾಳು, ಶೇಂಗಾ ತಿನ್ನಬೇಕು. ನೀರು ಬಿಡಬಾರದು. ದಿನಾ ಅರ್ಧ ತಾಸು ನಡೆಯಬೇಕು.

ನೇತ್ರಾವತಿ ಹಟಗಾರ್ತಿ. ಮರುದಿನವೇ ಎರಡು ಲೀಟರಿನ ಬಾಟಲಿ ಕೊಂಡಳು. ಡಬ್ಬಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ನೆನೆಸಿದ ಹೆಸರುಕಾಳು ಕಟ್ಟಿಕೊಂಡಳು. ನಸುಕಿನಲ್ಲಿ ಕಾಲೇಜು ಮೈದಾನ ಸುತ್ತಲು ಜೊತೆಗಾತಿಯೂ ಸಿಕ್ಕಳು. ಮುಂದಿನ ಓಣಿಯ ಪಾರಮ್ಮ, ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಐವತ್ತರ ಹತ್ತಿರದ ಹೆಂಗಸು. ಮೊಣಕಾಲು ನೋವು ಎಂದು ಹೆಜ್ಜೆಗೊಮ್ಮೆ "ಯಪ್ಪಾ" ಅನ್ನುತ್ತಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಆ ಮಾತಿನ ಗುಂಗಿನಲ್ಲಿ ನಾಲ್ಕು ಸುತ್ತು ಆದದ್ದೇ ತಿಳಿಯುತ್ತಿರಲಿಲ್ಲ.

ಮೂರು ವಾರ ಎಲ್ಲ ಸರಿಯಾಗಿ ನಡೆಯುತ್ತಿತ್ತು. ನಾಲ್ಕನೆಯ ವಾರ ಎಲ್ಲ ಕೆಡುತ್ತಿತ್ತು. ಎದೆ ಭಾರ, ಸೊಂಟ ಸೆಳೆತ, ನಿದ್ದೆ ಇಲ್ಲ. ನಸುಕಿನಲ್ಲಿ ಏಳಲು ಮನಸ್ಸಿಲ್ಲ. ಗಂಗಾವತಿ ಸ್ಟ್ಯಾಂಡಿನ ಭಜಿ ವಾಸನೆ ಮೂಗಿಗೆ ಬಡಿದರೆ ಡಬ್ಬಿಯ ರೊಟ್ಟಿ ಹಾಗೇ ಉಳಿಯುತ್ತಿತ್ತು. ಮುಟ್ಟು ಮುಗಿದ ಮೇಲೆ ಪಶ್ಚಾತ್ತಾಪಪಟ್ಟು ಮತ್ತೆ ಮೊದಲಿನಿಂದ ಶುರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆರು ತಿಂಗಳು ಕಳೆದವು. ರಕ್ತ ಎಂಟರಿಂದ ಒಂಬತ್ತಕ್ಕೆ ಬಂದು ಅಲ್ಲೇ ನಿಂತಿತು.

ಜಾಸ್ಮೀನ ಈ ಸಲ ಬೈಯಲಿಲ್ಲ. "ಅಕ್ಕಾರ, ಮೂರು ತಿಂಗಳು ಬರೀರಿ. ಯಾವ ದಿನ ನಿದ್ದಿ ಬಂತು, ಏನ್ ತಿಂದ್ರಿ, ಯಾವಾಗ ಸಿಟ್ಟು ಬಂತು, ಎಲ್ಲಾ ಬರೀರಿ. ನಿಮ್ಮ ಮೈ ಒಂದು ಟೈಮ್‌ಟೇಬಲ್ ಇಟ್ಟಿರತೈತಿ. ಅದನ್ನ ಹಿಡೀಬೇಕು."

ಒಂಬತ್ತನೆಯ ತರಗತಿಯ ಮಗಳು ಶ್ವೇತಾಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ನೇತ್ರಾವತಿ ಬರೆಯತೊಡಗಿದಳು. ಮಲ್ಲೇಶನ ನಗು, ನೂರಸಾಬನ ಬ್ರೇಕು, ಅಮರಮ್ಮನ ಕದ, ಎಲ್ಲವೂ ಅಲ್ಲಿಗೆ ಹೋದವು. ಮೂರನೆಯ ತಿಂಗಳು ಕಳೆದ ಮೇಲೆ ಎಲ್ಲವನ್ನೂ ಒಮ್ಮೆಗೇ ಓದಿದಾಗ ಆಕೆಗೆ ಲೆಕ್ಕ ಸಿಕ್ಕಿತು. ಸಂಶಯ ಮುಟ್ಟಿಗೆ ಐದಾರು ದಿನ ಮುಂಚೆ ಬರುತ್ತಿತ್ತು. ಮುಟ್ಟಾದ ಎರಡು ಮೂರು ದಿನಕ್ಕೆ ಹೋಗುತ್ತಿತ್ತು. ಮೂರು ತಿಂಗಳೂ ಹಾಗೇ. ಜನ ಬೇರೆ ಬೇರೆ, ದಿನಗಳು ಮಾತ್ರ ಅವೇ.

ಸಮಾಧಾನವೂ ಆಯಿತು, ಅವಮಾನವೂ ಆಯಿತು. ತನಗೆ ತಲೆ ಕೆಟ್ಟಿಲ್ಲ ಎಂಬುದು ಸಮಾಧಾನ. ಇಷ್ಟು ವರ್ಷ ಯಾರ್‍ಯಾರನ್ನೋ ಅಂದದ್ದೆಲ್ಲ ಇದರಿಂದಲೇನು ಎಂಬುದು ಅವಮಾನ. ಒಂದು ತಪ್ಪೂ ಮಾಡಿದಳು. ಇದನ್ನೆಲ್ಲ ಗಂಡನಿಗೆ ಹೇಳಿಬಿಟ್ಟಳು.

ಮಲ್ಲೇಶ ಕೆಟ್ಟವನಲ್ಲ. ಆದರೆ ಅವನ ಕೈಗೆ ಒಂದು ಹತಾರ ಸಿಕ್ಕಂತಾಯಿತು. ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸ್ರಿ ಎಂದರೂ, "ಯಾಕ, ದಿನ ಹತ್ರ ಬಂದಾವೇನು?" ಅನ್ನುತ್ತಿದ್ದ. ಸಿಟ್ಟು ನೆತ್ತಿಗೇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆಕೆಗೆ ತನ್ನ ಮೇಲೇ ಸಂಶಯ ಬರತೊಡಗಿತು. ಈಗ ಅನ್ನಿಸುತ್ತಿರುವುದು ನಿಜವೋ, ಬರೇ ಆ ದಿನಗಳ ಆಟವೋ? ನಲ್ಲಿ ಸೋರುತ್ತಿದೆಯೋ ಇಲ್ಲವೋ ಎಂದು ಒಮ್ಮೆ ಎದ್ದು ಹೋಗಿ ಕೈ ಒಡ್ಡಿ ನೋಡಿಬಂದಳು. ಸೋರುತ್ತಿತ್ತು.

ಕಡೆಗೆ ಆಕೆ ತನಗೆ ತಾನೇ ಎರಡು ಕಟ್ಟಳೆ ಹಾಕಿಕೊಂಡಳು. ಆ ದಿನಗಳಲ್ಲಿ ಯಾವುದನ್ನೂ ಪೂರ್ತಿ ಬಿಡಬಾರದು, ಸಣ್ಣದು ಮಾಡಬೇಕು. ನಾಲ್ಕು ಸುತ್ತು ಆಗದಿದ್ದರೆ ಒಂದೇ ಸುತ್ತು. ಭಜಿ ಬೇಕೆನ್ನಿಸಿದರೆ ರೊಟ್ಟಿ ಪಲ್ಯ ತಿಂದ ಮೇಲೆ ಎರಡು ಭಜಿ. ಬಾಟಲಿ ಮಾತ್ರ ಸಂಜೆಗೆ ಖಾಲಿಯಾಗಲೇಬೇಕು. ಎರಡನೆಯದು, ಆ ದಿನಗಳಲ್ಲಿ ಬಂದ ಸಂಶಯವನ್ನು ಬರೆದಿಡಬೇಕು, ಬಾಯಿ ಬಿಡಬಾರದು. ಮುಟ್ಟಿನ ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ಓದಬೇಕು. ಆಗಲೂ ಸಂಶಯ ಹಾಗೇ ಕುಳಿತಿದ್ದರೆ ಮಾತ್ರ ಕೇಳಬೇಕು.

ಹೆಚ್ಚಿನವು ಐದನೆಯ ದಿನ ಓದುವಾಗ ನಗು ತರಿಸುತ್ತಿದ್ದವು.

ಅದೇ ಸುಮಾರಿಗೆ ಪಾರಮ್ಮ ಒಂದು ಶನಿವಾರ ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಹೋಗಿ ಬಂದಳು. ಮೊಣಕಾಲು ಹಿಡಿದುಕೊಂಡು ಹೋದವಳು ಎಂಟು ದಿನಕ್ಕೆ ಮೈದಾನದಲ್ಲಿ ನೇತ್ರಾವತಿಯನ್ನೇ ಹಿಂದೆ ಹಾಕಿದಳು.

"ಏನ್ ಮಾಡಿದಿ ಪಾರಕ್ಕಾ?"

"ಹನುಮನಹಳ್ಳ್ಯಾಗ ಒಬ್ಬಾವ ಪುಡಿ ಕೊಡತಾನವಾ. ಗುಡ್ಡದ ಬೇರಂತ. ಮುಂಜಾನಿ ಒಂದು ಚಿಟಿಕಿ, ಸಂಜಿಗೊಂದು ಚಿಟಿಕಿ, ಬಿಸಿನೀರಾಗ. ಕಾಲು ನನ್ನವ ಹೌದಲ್ಲೋ ಅನ್ನೂಹಂಗ ಆಗೈತಿ. ಮುಟ್ಟಿನ ನೋವಿಗೂ ನಡಿತೈತಂತ. ನಿಂಗೂ ತಂದೀನಿ ತಗೋ."

ಆ ತಿಂಗಳು ಹೊಟ್ಟೆ ಹಿಂಡತೊಡಗಿದಾಗ ನೇತ್ರಾವತಿ ಒಂದು ಚಿಟಿಕೆ ಹಾಕಿಕೊಂಡಳು. ಅರ್ಧ ತಾಸಿನಲ್ಲಿ ನೋವು ಎಲ್ಲಿ ಹೋಯಿತೋ! ಸೊಂಟ ಹಿಡಿದು ಸೀಟಿಗೆ ಒರಗುತ್ತಿದ್ದವಳು ಅಂದು ತಾವರಗೇರಾ ಸಂತೆಯ ಗದ್ದಲದಲ್ಲಿ ನಗುತ್ತ ಟಿಕೆಟ್ ಹರಿದಳು. "ಮುಟ್ಟಿಗೆ ಮುಂಚೇನೂ ತಗೋ, ಮೈ ಕೈ ನೋವು ಬರಂಗಿಲ್ಲ," ಎಂದಳು ಪಾರಮ್ಮ. ಎರಡನೆಯ ತಿಂಗಳು ಎಂಟು ದಿನ ತೆಗೆದುಕೊಂಡಳು. ಮೂರನೆಯ ತಿಂಗಳಿಗೆ ದಿನಾ. ಒಂದು ಮುಂಜಾನೆಯೂ ನಡಿಗೆ ತಪ್ಪಲಿಲ್ಲ. ಇಷ್ಟು ದಿನ ಹಟ ಹಿಡಿದು ಮಾಡಿದ್ದನ್ನು ಒಂದು ಚಿಟಿಕೆ ಪುಡಿ ಮಾಡಿಕೊಟ್ಟಿತ್ತು.

ಅದೇ ಆಕೆಯನ್ನು ಕಾಡತೊಡಗಿತು. ಸಣ್ಣವ್ವ ಕೊಡುತ್ತಿದ್ದ ಅಜಿವಾನದ ಕಷಾಯ ಹೊಟ್ಟೆ ಹಗುರ ಮಾಡಲು ಅರ್ಧ ದಿನ ಹಿಡಿಯುತ್ತಿತ್ತು. ಗುಡ್ಡದ ಬೇರು ಗುಳಿಗೆಯ ಹಾಗೆ ಅರ್ಧ ತಾಸಿಗೇ ಹೇಗೆ ಹತ್ತುತ್ತದೆ? ಪುಡಿಯ ಕಹಿಯೂ ಬೇರಿನ ಕಹಿಯಲ್ಲ. ನಾಲಿಗೆಯ ತುದಿಗೆ ಸುಣ್ಣದ ಹಾಗೆ ಅಂಟಿಕೊಳ್ಳುತ್ತಿತ್ತು. ಎದೆಯ ನಡುವೆ ಉರಿ ಶುರುವಾಗಿತ್ತು. ಸಂಜೆಗೆ ಬೂಟು ಕಳಚಿದರೆ ಪಾದದ ಮೇಲೆ ಸಾಕ್ಸಿನ ಗುರುತು ಆಳವಾಗಿ ಉಳಿಯುತ್ತಿತ್ತು. ಆದರೆ ಮುಟ್ಟಿನ ಮುಂಚೆ ಮೈ ಬಾಯುವುದು ಹೊಸದೇನಲ್ಲವಲ್ಲ? ಕ್ಯಾಲೆಂಡರ್ ನೋಡಿದಳು. ಐದೇ ದಿನ ಉಳಿದಿತ್ತು. ಸಂಶಯದ ದಿನಗಳು.

ಕಟ್ಟಳೆ ಮರೆತು ಮರುದಿನ ನಸುಕಿನಲ್ಲಿ ಪಾರಮ್ಮನ ಹತ್ತಿರ ಆಡಿಯೇಬಿಟ್ಟಳು. "ಪಾರಕ್ಕಾ, ಆ ಪುಡ್ಯಾಗ ಏನಾರ ಬೆರಸಿರತಾರೇನು?"

ಪಾರಮ್ಮ ನಿಂತುಬಿಟ್ಟಳು. "ನಿನ್ನ ದಿನ ಬಂದಾವ ಅಂತ ನೀನ ಹೇಳಿದ್ದಿಯಲ್ಲ. ಮೊನ್ನಿ ಗಂಡನ ಮ್ಯಾಲ, ಇವತ್ತು ನನ್ನ ಪುಡಿ ಮ್ಯಾಲ. ಸುಮ್ನ ನಡಿ."

ಮನೆಯಲ್ಲಿ ಮಲ್ಲೇಶನೂ ಅದನ್ನೇ ಅಂದ. "ಮೂರು ತಿಂಗಳಿಂದ ಮನ್ಯಾಗ ಶಾಂತಿ ಐತಿ. ಆ ಪುಡಿ ತಂಟೇಕ ಹೋಗಬ್ಯಾಡ."

ನೇತ್ರಾವತಿ ನೋಟ್‌ಬುಕ್ ತೆಗೆದು ಬರೆದಳು: "ಪುಡಿ. ಯಾಕೆ ಇಷ್ಟು ಲಗೂನ?" ಅದರ ಕೆಳಗೆ ಆ ವಾರ ಮತ್ತೆ ಐದು ಸಂಶಯ ಬಿದ್ದವು. ಡಿಪೋದಲ್ಲಿ ತನಗೆ ಬೇಕಂತಲೇ ಹಳೆಯ ಬಸ್ ಹಾಕುತ್ತಾರೆ. ಶ್ವೇತಾ ಏನೋ ಮುಚ್ಚಿಡುತ್ತಾಳೆ. ಹೀಗೇ. ಪುಡಿಯನ್ನು ಅಷ್ಟರಲ್ಲೇ ನಿಲ್ಲಿಸಿದಳು. ಮುಟ್ಟಿನ ನೋವು ಹಳೆಯ ಬಾಕಿಯನ್ನೆಲ್ಲ ಸೇರಿಸಿಕೊಂಡು ಬಂದಂತೆ ಬಂತು. ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಕುಳಿತಾಗ ಡಬ್ಬಿ ಕೈಗೆಟುಕುವ ಮಾಡದಲ್ಲೇ ಇತ್ತು. ಎರಡು ಸಲ ಕೈ ಹೋಯಿತು. ಎರಡು ಸಲವೂ ಎಳೆದುಕೊಂಡಳು. ಮೈದಾನಕ್ಕೆ ಹೋಗಲಾಗಲಿಲ್ಲ, ಅಂಗಳದಲ್ಲೇ ಹತ್ತು ನಿಮಿಷ ಅತ್ತಿಂದಿತ್ತ ನಡೆದಳು.

ಐದನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು, ಒದ್ದೆ ಕೂದಲಲ್ಲೇ ಕುಳಿತು ಓದಿದಳು. ಹಳೆಯ ಬಸ್ಸು ಎಲ್ಲರಿಗೂ ಸರದಿಯಲ್ಲಿ ಬರುತ್ತದೆ. ಶ್ವೇತಾ ಮುಚ್ಚಿಟ್ಟಿದ್ದು ಗಣಿತದ ಅಂಕ, ಅದೂ ಹೊರಬಿದ್ದಿತ್ತು. ಒಂದೊಂದೇ ಸಾಲು ಹೊಡೆದು ಹಾಕುತ್ತ ಬಂದಳು. ಪುಡಿಯ ಸಾಲಿನ ಮೇಲೆ ಪೆನ್ನು ನಿಂತಿತು. ತಲೆ ತಿಳಿಯಾಗಿತ್ತು, ಯಾರ ಮೇಲೂ ಸಿಟ್ಟಿರಲಿಲ್ಲ. ಪ್ರಶ್ನೆ ಮಾತ್ರ ಹಾಗೇ ಕುಳಿತಿತ್ತು.

ಆ ಶನಿವಾರ ಅಂಜನಾದ್ರಿಗೆ ಬಿಡುವ ಹೆಚ್ಚಿನ ಬಸ್ಸಿಗೆ ಆಕೆ ಡ್ಯೂಟಿ ಕೇಳಿ ಹಾಕಿಸಿಕೊಂಡಳು. ಹನುಮನಹಳ್ಳಿಯಲ್ಲಿ ಭಕ್ತರು ಇಳಿದು ಬೆಟ್ಟದ ಕಡೆ ಹೋದ ಮೇಲೆ ನೂರಸಾಬನಿಗೆ ಹೇಳಿ, ಎಳನೀರು, ಕಾಯಿ, ಕುಂಕುಮದ ಅಂಗಡಿಗಳನ್ನು ದಾಟಿ ನಡೆದಳು. ತಗಡಿನ ಒಂದು ಶೆಡ್ಡಿನಲ್ಲಿ ಹಣೆತುಂಬ ಸಿಂಧೂರ ಬಳಿದುಕೊಂಡಿದ್ದ ಮನುಷ್ಯ ಕುಳಿತಿದ್ದ. ಮುಂದೆ ಹೆಣೆದುಕೊಂಡ ಒಣಗಿದ ಬೇರು, ಹಿಂದೆ ಮುಚ್ಚಳದ ದೊಡ್ಡ ಡಬ್ಬ.

"ಮೊಣಕಾಲು ನೋವಿಗೆ ಬೇಕಿತ್ರಿ," ಎಂದಳು.

ಆತ ಹಿಂದೆ ತಿರುಗಿ ಡಬ್ಬದಿಂದ ಚಮಚೆ ಎತ್ತಿ ಕೆಂಪು ಕಾಗದದಲ್ಲಿ ಕಟ್ಟಿದ.

"ಮುಟ್ಟಿನ ನೋವಿಗೂ ಕೊಡ್ರಿ."

ಅದೇ ಡಬ್ಬ, ಅದೇ ಚಮಚೆ. ಕಾಗದ ಮಾತ್ರ ಹಳದಿ.

"ಸಕ್ಕರಿ ಕಾಯಿಲೆಗೆ ಐತೇನ್ರಿ?"

ಐತಿ ಎಂದವನು ಮತ್ತೆ ಅದೇ ಡಬ್ಬಕ್ಕೆ ಕೈ ಹಾಕಿದ. ಈ ಸಲ ಬಿಳಿ ಕಾಗದ.

"ಮೂರಕ್ಕೂ ಒಂದ ಬೇರೇನ್ರಿ? ಯಾವ ಬೇರದು? ಒಂದೀಟು ತೋರಸ್ರಿ."

"ಬೇರಿನ ಹೆಸರು ಹೇಳಿದ್ರ ಗುಣ ಹೋಗತೈತವ್ವಾ. ನಮ್ಮ ಮುತ್ತ್ಯಾನ ಆಣಿ ಐತಿ."

"ಹೆಸರು ಬ್ಯಾಡ್ರಿ. ಬೇರ ತೋರಸ್ರಿ."

ಆತ ಈಗಷ್ಟೇ ಆಕೆಯ ಖಾಕಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ. ಕಣ್ಣು ಸಣ್ಣಗಾಯಿತು. "ನೀವು ಯಾವ ಇಲಾಖೆಯವರು?"

"ನಾ ಕಂಡಕ್ಟರ್ರಿ. ಟಿಕೀಟ ತಗೊಂಡಾರೋ ಇಲ್ಲೋ ಅಂತ ಕೇಳಾಕಿ," ಎಂದು ದುಡ್ಡು ಕೊಟ್ಟು ಮೂರೂ ಪೊಟ್ಟಣ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನ ಹತ್ತಿರ ಬರುವವರೆಗೂ ಬೆನ್ನಿನ ಮೇಲೆ ಅವನ ಕಣ್ಣು ನೆಟ್ಟಿದ್ದು ಗೊತ್ತಾಗುತ್ತಿತ್ತು.

ಸೋಮವಾರ ಕುಷ್ಟಗಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂರೂ ಪೊಟ್ಟಣ ಬಿಚ್ಚಿ ನೋಡಿದರು. ನೇತ್ರಾವತಿಯ ಬಿಪಿ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ನೂರಾ ಐವತ್ತು ಇತ್ತು. ಹಿಂದೆಂದೂ ಹಾಗೆ ಬಂದಿರಲಿಲ್ಲ.

"ಪರೀಕ್ಷೆ ಮಾಡಿಸದೆ ಇದರಲ್ಲಿ ಏನಿದೆ ಅಂತ ನಾನು ಹೇಳಲ್ಲ. ಆದರೆ ನೋವಿನ ಗುಳಿಗೆ ಅರೆದು ಬೆರೆಸಿರಬಹುದು ಅನ್ನೋ ಅನುಮಾನ ನನಗೂ ಇದೆ. ದಿನಾ ತಗೊಂಡ್ರೆ ಮೈ ಬಾಯುತ್ತೆ, ಬಿಪಿ ಏರುತ್ತೆ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಬಹುದು. ಇದನ್ನ ಪರೀಕ್ಷೆಗೆ ಔಷಧ ಇಲಾಖೆಗೆ ಕಳಿಸ್ತೀನಿ. ನಿಮ್ಮ ಜೊತೆ ಇನ್ಯಾರು ತಗೊಳ್ತಿದ್ದಾರೆ?"

"ನಮ್ಮ ಪಾರಕ್ಕ ಒಬ್ಬಾಕಿ ಅದಾಳ್ರಿ. ನಾಕು ತಿಂಗಳಾತು. ದಿನಾ ಎರಡ ಸಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಅವರನ್ನ ಇವತ್ತೇ ಕರ್ಕೊಂಡು ಬನ್ನಿ. ಮಲ ಕಪ್ಪಗೆ ಹೋಗ್ತಿದೆಯಾ ಅಂತ ಕೇಳಿ."

ನೇತ್ರಾವತಿ ನೆಟ್ಟಗೆ ಸಾಲೆಗೆ ಹೋದಳು. ಊಟ ಮುಗಿದಿತ್ತು. ಪಾರಮ್ಮ ದೊಡ್ಡ ಬೋಗುಣಿ ತಿಕ್ಕುತ್ತ ಕುಳಿತಿದ್ದಳು. ವಿಷಯ ಕೇಳುತ್ತಲೇ ಆಕೆಯ ಮುಖ ಕೆಂಪಾಯಿತು.

"ದೇವರ ಗುಡ್ಡದ ಔಷಧಿ ಮ್ಯಾಲೂ ಸಂಶಯ! ನಿನಗ ಯಾರ ಮ್ಯಾಲ ನಂಬಿಕಿ ಐತಿ? ನಾ ನಿನಗ ವಿಷ ಕೊಟ್ಟೀನಿ ಅಂತಿಯೇನು?"

"ನೀ ಕೊಟ್ಟಿ ಅಂತ ಅನ್ನಂಗಿಲ್ಲ ಪಾರಕ್ಕಾ. ನಿನಗೂ ಗೊತ್ತಿಲ್ಲ."

"ನಿನ್ನ ದಿನ..."

"ಮುಗದಾವು. ನಾಕು ದಿನ ಆತು ತಲಿಗೆ ಎರಕೊಂಡು." ನೇತ್ರಾವತಿ ಕೆಳಗೆ ಕುಳಿತಳು. ಉಳಿದ ಅಡುಗೆಯವರಿಗೆ ಕೇಳದಂತೆ ಮೆಲ್ಲಗೆ, "ಒಂದು ಮಾತು ಕೇಳತೀನಿ, ಬೈಬ್ಯಾಡ. ಬೈಲಕಡಿ ಕರ್ರಗ ಹೋಗತೈತೇನು?"

ಪಾರಮ್ಮ ಬೋಗುಣಿ ತಿಕ್ಕುತ್ತಲೇ ಇದ್ದಳು. "ಹೋದ್ರ ಏನಾತು? ಕಬ್ಬಿಣದ ಗುಳಿಗಿ ತಗೊಂಡ್ರ ಹಂಗ ಹೋಗತೈತಿ ಅಂತ ನೀನ ಹೇಳಿದ್ದಿ."

"ಕಬ್ಬಿಣದ ಗುಳಿಗಿ ನಾ ತಗೋತೀನಿ. ನೀ ತಗೋತಿಯೇನು?"

ತಿಕ್ಕುವ ಕೈ ನಿಂತಿತು. ಪಾರಮ್ಮ ಬೋಗುಣಿ ಬದಿಗಿಟ್ಟಳು. ಆಮೇಲೆ, "ಎಂಟು ದಿನ ಆತು," ಎಂದಳು. "ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ. ಬಿಸಲ ಅನಕೊಂಡಿದ್ನಿ."

ಆಟೋ ಹಿಡಿದು ಇಬ್ಬರೂ ಆಸ್ಪತ್ರೆಗೆ ಹೋದರು. ಪಾರಮ್ಮನ ರಕ್ತ ಏಳಕ್ಕೆ ಇಳಿದಿತ್ತು. ಅವತ್ತೇ ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಕಳಿಸಿದರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟು, ಆರು ದಿನ ಇಟ್ಟುಕೊಂಡು ಕಳಿಸಿದರು. ಇನ್ನೆರಡು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಪಾರಮ್ಮನ ಮಗ ಹನಮೇಶನಿಗೆ ಹೇಳಿದ್ದರಂತೆ.

ಪುಡಿಯ ವರದಿ ಬರಲು ಎರಡು ತಿಂಗಳು ಹಿಡಿಯಿತು. ನೋವಿನ ಗುಳಿಗೆಯ ಅಂಶ ಇದ್ದದ್ದು ಖಾತ್ರಿಯಾಯಿತು. ಅಷ್ಟರಲ್ಲಿ ಹನುಮನಹಳ್ಳಿಯ ಆ ಶೆಡ್ಡಿನಲ್ಲಿ ಬೇರೊಬ್ಬ ಕಬ್ಬಿನಹಾಲು ಮಾರುತ್ತಿದ್ದ. ಮೊದಲಿನವನು ಎಲ್ಲಿ ಹೋದನೆಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಯಲಬುರ್ಗಾ ಕಡೆಯ ಸಂತೆಗಳಲ್ಲಿ ಕಂಡೆ ಎಂದು ಒಬ್ಬ ಪ್ರಯಾಣಿಕ ಹೇಳಿದ. ನೇತ್ರಾವತಿ ಅದನ್ನೂ ಡಾಕ್ಟರಮ್ಮನಿಗೆ ಮುಟ್ಟಿಸಿದಳು.

ಪಾರಮ್ಮ ಕೃತಜ್ಞತೆಯ ಮಾತೇನೂ ಆಡಲಿಲ್ಲ. ಒಂದು ತಿಂಗಳು ಮುಖ ತಪ್ಪಿಸಿದಳು. ಒಂದು ಮುಂಜಾನೆ ತಾನಾಗಿ ಮೈದಾನಕ್ಕೆ ಬಂದು, ಹಳೆಯಂತೆ "ಯಪ್ಪಾ" ಎನ್ನುತ್ತ ಹೆಜ್ಜೆ ಹಾಕಿ, "ಕಾಲು ಮತ್ತ ನೂಯಾಕತ್ತಾವು. ನಿನ್ನಿಂದ," ಎಂದಳು. ನೇತ್ರಾವತಿ ತನ್ನ ನಡಿಗೆಯನ್ನು ನಿಧಾನ ಮಾಡಿದಳು. ಅವತ್ತು ಇಬ್ಬರೂ ಒಂದೇ ಸುತ್ತು ಮುಗಿಸಿದರು.

ನೇತ್ರಾವತಿಯ ಬಿಪಿ ಮೂರು ವಾರದಲ್ಲಿ ಇಳಿಯಿತು. ಮುಟ್ಟಿನ ನೋವು ಇಳಿಯಲಿಲ್ಲ. ಅದಕ್ಕೆ ಡಾಕ್ಟರಮ್ಮ ಕೊಟ್ಟ ಸಾದಾ ಗುಳಿಗೆ ಊಟದ ಮೇಲೆ ಒಂದು, ಅದೂ ಎರಡು ದಿನ ಮಾತ್ರ. ಉಳಿದದ್ದು ಬಿಸಿನೀರಿನ ಬಾಟಲಿ, ಡಬ್ಬಿಯ ರೊಟ್ಟಿ, ಅಂಗಳದಲ್ಲಿ ಹತ್ತು ನಿಮಿಷ. ಕೆಲವು ತಿಂಗಳು ಎರಡು ಭಜಿ ನಾಲ್ಕಾಗುತ್ತಿದ್ದವು. ಆದರೆ ಮರುದಿನ ಮೊದಲಿನಿಂದ ಶುರು ಮಾಡುವ ಪ್ರಮೇಯ ಬರಲಿಲ್ಲ, ಯಾವುದೂ ಪೂರ್ತಿ ನಿಂತಿರಲೇ ಇಲ್ಲವಲ್ಲ. ಪುಡಿ ಬಿಟ್ಟು ವರ್ಷ ತುಂಬುವ ಹೊತ್ತಿಗೆ ರಕ್ತ ಹನ್ನೊಂದು ದಾಟಿತು.

ಇಷ್ಟಾದ ಮೇಲೆ ಒಂದು ತಿಂಗಳು, ಮುಟ್ಟಿಗೆ ನಾಲ್ಕು ದಿನ ಇರುವಾಗ, ಮಲ್ಲೇಶ ಅಂಗಡಿಯಿಂದ ಬಂದವನು ಎದೆ ನೀವಿಕೊಳ್ಳುತ್ತ ನೀರು ಕುಡಿದದ್ದು ಕಂಡಿತು. ದೊಡ್ಡ ಮೋಟರುಗಳನ್ನು ಎತ್ತಿ ಸದಾ ಸೊಂಟ ನೋವೆಂದು ನರಳುವವನು ಈಚೆಗೆ ನರಳುವುದನ್ನೇ ಬಿಟ್ಟಿದ್ದ. ನೇತ್ರಾವತಿ ಬರೆದಿಟ್ಟಳು. ಮುಟ್ಟು ಬಂತು. ಐದನೆಯ ದಿನ ಊಟಕ್ಕೆ ಬಡಿಸುತ್ತ ಕೇಳಿದಳು.

"ಏನ್ರಿ, ನೀವೂ ಆ ಪುಡಿ ತಗೊಳ್ಳಾಕತ್ತೀರೇನು?"

ಮಲ್ಲೇಶನಿಗೆ ಹಳೆಯ ಮಾತು ಬಾಯಿಗೆ ಬಂತು. "ನಿನ್ನ ದಿನ..." ಎಂದವನು ಹೆಂಡತಿಯ ಒದ್ದೆ ಕೂದಲು ನೋಡಿ ನಿಲ್ಲಿಸಿದ. ತಾಟಿನಲ್ಲಿ ರೊಟ್ಟಿ ಮುರಿಯುತ್ತ ಮುರಿಯುತ್ತ ಹೇಳಿದ, "ಅಂಗಡ್ಯಾಗ ಗಲ್ಲಾದ ಹಿಂದ ಐತಿ. ನೀ ಒಗಿ ಅಂತ ಕೊಟ್ಟಾಗ ಒಗೀಲಿಲ್ಲ."

"ಎಷ್ಟ ದಿನಾತು?"

"ದಿನಾ ಇಲ್ಲ. ಭಾರದ ಕೆಲಸ ಇದ್ದಾಗ ಅಷ್ಟ."

"ಬೈಲಕಡಿ ಹೆಂಗೈತಿ?"

"ಲೇ, ಊಟಕ್ಕ ಕುಂತೀನಿ!"

ನೇತ್ರಾವತಿ ನಗಲಿಲ್ಲ. ಉಂಡಾದ ಮೇಲೆ ಅವನ ಸ್ಕೂಟರಿನ ಹಿಂದೆ ಕುಳಿತು ಅಂಗಡಿಗೆ ಹೋಗಿ, ಆ ಡಬ್ಬಿ ತೆಗೆಸಿ, ಅಲ್ಲಿಂದ ನೇರ ಆಸ್ಪತ್ರೆಗೆ ಕರೆದೊಯ್ದಳು. ಜಾಸ್ಮೀನ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತುವಾಗ ಮಲ್ಲೇಶ ಗೋಡೆಯ ಕಡೆ ಮುಖ ಮಾಡಿಕೊಂಡು ಕುಳಿತಿದ್ದ. ನೇತ್ರಾವತಿ ಪಕ್ಕದಲ್ಲೇ ನಿಂತು, ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬಗ್ಗಿ ನೋಡುತ್ತಿದ್ದಳು.